ಮದುವೆ ಕಾಗದ ಅಂತ ಬಂದ ಫೈಲ್ ಯಾರೂ ಒತ್ತಬೇಡಿ (ಕುಶಾಲನಗರ, ನಮ್ಮ ಬಡಾವಣೆ ಗುಂಪು)

ಅಡ್ಮಿನ್: ಎಲ್ಲರೂ ದಯವಿಟ್ಟು ಪೂರ್ತಿ ಓದಿ. ನಿನ್ನೆ ರಾತ್ರಿ ಎರಡನೇ ಕ್ರಾಸ್ ಆಂಟಿ ನಂಬರಿನಿಂದ ಗುಂಪಿಗೆ ಮದುವೆ ಆಮಂತ್ರಣ ಅಂತ ಒಂದು ಫೈಲ್ ಬಂತು. ಅದನ್ನು ಅವರು ಕಳಿಸಿಲ್ಲ. ನಾನು ಗುಂಪಿನಿಂದ ತೆಗೆದಿದ್ದೇನೆ, ಆದರೆ ಅಷ್ಟರಲ್ಲಿ ಡೌನ್‌ಲೋಡ್ ಆಗಿದ್ದರೆ ನಿಮ್ಮ ಫೋನಿನಲ್ಲಿ ಇನ್ನೂ ಇರಬಹುದು. ಫೈಲ್ಸ್ ಒಳಗೆ ಡೌನ್‌ಲೋಡ್ಸ್, ವಾಟ್ಸಾಪ್ ಡಾಕ್ಯುಮೆಂಟ್ಸ್ ಎರಡೂ ತೆಗೆದು ನೋಡಿ, ಹೆಸರಿನ ಕೊನೆಗೆ ಚುಕ್ಕೆ ಎಪಿಕೆ (.apk) ಅಂತ ಇದ್ದರೆ ಒತ್ತದೆ ಡಿಲೀಟ್ ಮಾಡಿ.

ಮೇಷ್ಟ್ರು: ಎಪಿಕೆ ಅಂದ್ರೆ ಏನಪ್ಪಾ? ಈಗ ಮದುವೆ ಕಾಗದ ಎಲ್ಲಾ ವಾಟ್ಸಾಪಲ್ಲೇ ತಾನೇ ಬರೋದು.

ಮೊಬೈಲ್ ಅಂಗಡಿ: ಮೇಷ್ಟ್ರೇ, ಕಾಗದ ಫೋಟೊ ಅಥವಾ ಪಿಡಿಎಫ್ ಆಗಿ ಬರುತ್ತೆ, ಒತ್ತಿದ ತಕ್ಷಣ ತೆರೆದುಕೊಳ್ಳುತ್ತೆ. ಎಪಿಕೆ ಅಂದ್ರೆ ಆಂಡ್ರಾಯ್ಡ್ ಆಪ್. ಅದನ್ನು ಒತ್ತಿದರೆ ಫೋನ್ ನಿಮ್ಮನ್ನು ಕೇಳುತ್ತೆ, ಇನ್‌ಸ್ಟಾಲ್ ಮಾಡಲಾ ಅಂತ. ಮದುವೆ ಕಾಗದ ನೋಡೋಕೆ ಯಾಕೆ ಇನ್‌ಸ್ಟಾಲ್ ಮಾಡಬೇಕು? ಅಲ್ಲೇ ನಿಲ್ಲಿಸಿ. ಮುಂದೆ ಹೋದರೆ ಮೆಸೇಜ್ ಓದೋಕೆ ಅನುಮತಿ ಕೇಳುತ್ತೆ, ಸರಿ ಅಂದುಬಿಟ್ಟರೆ ನಿಮಗೆ ಬರುವ ಓಟಿಪಿ ಅವರಿಗೂ ಹೋಗುತ್ತೆ. ಟ್ರಾಫಿಕ್ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ, ಕರೆಂಟ್ ಬಿಲ್ ಬಾಕಿ, ಈ ಹೆಸರುಗಳಲ್ಲೂ ಇದೇ ಬರುತ್ತೆ.

ಎರಡನೇ ಕ್ರಾಸ್ ಆಂಟಿ ಮಗ: ಅಮ್ಮನ ಪರವಾಗಿ ಬರೀತಿದ್ದೇನೆ. ಅವರಿಗೆ ಅದು ಬಂದಿದ್ದು ಸಂಬಂಧಿಕರ ನಂಬರಿನಿಂದ, ಹಾಗಾಗಿ ಅನುಮಾನವೇ ಬರಲಿಲ್ಲ. ಒತ್ತಿದ ಮೇಲೆ ಸ್ಕ್ರೀನ್ ಮೇಲೆ ಆಪ್ ಕಾಣಲೇ ಇಲ್ಲ. ಸೆಟ್ಟಿಂಗ್ಸ್ ಒಳಗೆ ಆಪ್‌ಗಳ ಪಟ್ಟಿ ತೆಗೆದು ಕೆಳಗಿನವರೆಗೂ ನೋಡಿದಾಗ ಒಂದು ಪುಟ್ಟ ಗಣಪತಿ ಚಿತ್ರದ ಐಕಾನ್ ಸಿಕ್ಕಿತು, ಕಾಗದದ ತಲೆ ಮೇಲೆ ಇರುತ್ತಲ್ಲ ಹಾಗೇ. ಎಸ್ಸೆಮ್ಮೆಸ್ ಅನುಮತಿ ಆನ್ ಇತ್ತು. ದುಡ್ಡು ಹೋಗಿಲ್ಲ, ಯಾಕಂದ್ರೆ ಅಷ್ಟರಲ್ಲಿ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿದ್ದೆವು. ಅಮ್ಮನಿಗೆ ಯಾರೂ ಏನೂ ಅನ್ನಬೇಡಿ, ತುಂಬಾ ನೊಂದಿದ್ದಾರೆ.

ಮೂಲೆ ಮನೆ ಅಕ್ಕ: ಆಂಟಿಗೆ ಯಾರೂ ಏನೂ ಅನ್ನೋದಿಲ್ಲ. ಪರಿಚಯದ ನಂಬರಿನಿಂದ ಬಂದರೆ ನಾವೆಲ್ಲ ಒತ್ತುವವರೇ. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಡಿಸಿ ರಜೆ ಆದೇಶ ಅಂತ ಬಂದಿದ್ದನ್ನೆಲ್ಲ ಮಕ್ಕಳ ಅಪ್ಪ ಅಮ್ಮ ನೋಡದೇ ಒತ್ತುತ್ತೇವೆ. ಇನ್ನು ಮೇಲೆ ಫೈಲ್ ಯಾರದೇ ಇರಲಿ, ಒಂದು ಫೋನ್ ಮಾಡಿ "ನೀವೇ ಕಳಿಸಿದ್ದಾ?" ಅಂತ ಕೇಳಿಬಿಡೋಣ.

ಹೋಮ್‌ಸ್ಟೇ ಅಣ್ಣ: ನಮಗೆ ಬುಕಿಂಗ್ ಅಂತ ಹೇಳಿ ಗೊತ್ತಿಲ್ಲದವರು ಏನೇನೋ ಕಳಿಸುತ್ತಾರೆ, ತೆರೆಯದೇ ಇರೋಕಾಗಲ್ಲ. ಹಾಗಾಗಿ ಬುಕಿಂಗ್ ಫೋನಿನಲ್ಲಿ ಬ್ಯಾಂಕ್ ಆಪ್, ಯುಪಿಐ ಎರಡೂ ಇಟ್ಟಿಲ್ಲ. ಹೋಮ್‌ಸ್ಟೇ ನಡೆಸುವ ಉಳಿದವರೂ ಹೀಗೇ ಮಾಡಿ. ಯಾರಾದರೂ ಈಗಾಗಲೇ ಒತ್ತಿದ್ದರೆ ಏನು ಮಾಡಬೇಕು?

ಮೊಬೈಲ್ ಅಂಗಡಿ: ಮೊದಲು ಡೇಟಾ, ವೈಫೈ ಎರಡೂ ಆಫ್. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ, ದೂರಿನ ನಂಬರ್ ತಪ್ಪದೇ ಬರೆದುಕೊಳ್ಳಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಡಿಕೇರಿ ಸೆನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಗೆ ಆಮೇಲೆ ಹೋಗಬಹುದು, ಬಸ್ಸು ಹಿಡಿದು ಹೋಗೋಷ್ಟರಲ್ಲಿ ದುಡ್ಡು ಎಷ್ಟೋ ಖಾತೆ ದಾಟಿರುತ್ತೆ. ಆಪ್ ತೆಗೆಯೋಕೆ ಬರದಿದ್ದರೆ ಸೇಫ್ ಮೋಡ್‌ನಲ್ಲಿ (ನಾವು ಹಾಕಿಕೊಂಡ ಆಪ್‌ಗಳು ಓಡದ ಹಾಗೆ ಫೋನ್ ಆನ್ ಮಾಡಿ) ತೆಗೆಯಬೇಕು, ಅದಕ್ಕೂ ಬಗ್ಗದಿದ್ದರೆ ಫೋನ್ ರೀಸೆಟ್. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಲ್ಲೇ ಬದಲಾಯಿಸಿ.

ಬ್ಯಾಂಕಿನಿಂದ ನಿವೃತ್ತರಾದ ಸರ್: ಒಂದು ಮಾತು ಸೇರಿಸುತ್ತೇನೆ. ರಿಸರ್ವ್ ಬ್ಯಾಂಕಿನ 2017ರ ನಿಯಮದಲ್ಲಿ, ನಮ್ಮ ಕಡೆ ತಪ್ಪಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು. ನಾಚಿಕೊಂಡು ಸುಮ್ನೆ ಕೂತರೆ ನಷ್ಟ ನಮ್ಮದೇ.

ಅಡ್ಮಿನ್: ಸರಿ. ಇವತ್ತಿನಿಂದ ಗುಂಪಿಗೆ ಯಾವ ಆಪ್ ಫೈಲೂ ಬೇಡ, ಬಂದರೆ ಕೇಳದೇ ತೆಗೆಯುತ್ತೇನೆ. ಭಾನುವಾರ ಬೆಳಿಗ್ಗೆ 10.30ಕ್ಕೆ ಸಮುದಾಯ ಭವನಕ್ಕೆ ಫೋನ್ ತಗೊಂಡು ಬನ್ನಿ. ಅಂಗಡಿ ಅಣ್ಣ ಎಲ್ಲರ ಫೋನಲ್ಲೂ ಪ್ಲೇ ಪ್ರೊಟೆಕ್ಟ್ (ಕೆಟ್ಟ ಆಪ್ ಹುಡುಕುವ ಗೂಗಲ್ ರಕ್ಷಣೆ) ಆನ್ ಇದೆಯಾ, ವಾಟ್ಸಾಪಿಗೆ ಬೇರೆ ಯಾವುದಾದರೂ ಸಾಧನ ಲಿಂಕ್ ಆಗಿದೆಯಾ ನೋಡಿಕೊಡುತ್ತಾರೆ, ವಾಟ್ಸಾಪಿಗೆ ಎರಡು ಹಂತದ ಪಿನ್ ಹಾಕಿಸುತ್ತಾರೆ. ಪಿನ್ ನೀವೇ ಒತ್ತಿ, ಅವರಿಗೂ ಹೇಳಬೇಡಿ.

ಮೂಲೆ ಮನೆ ಅಕ್ಕ: ಓದೋಕೆ ಕಷ್ಟ ಆಗುವ ಹಿರಿಯರಿಗೆ ವಾಯ್ಸ್ ಮೆಸೇಜ್ ಮಾಡೋಣ. ಕೊಡವ ತಕ್ಕಿನಲ್ಲಿ ನಾನು ಹೇಳುತ್ತೇನೆ. ಅರೆಭಾಷೆ, ಮಲಯಾಳಂ ಯಾರು ಮಾಡ್ತೀರಾ?

ಹೋಮ್‌ಸ್ಟೇ ಅಣ್ಣ: ಮಲಯಾಳಂ ನನ್ನದು.

ಮೇಷ್ಟ್ರು: ಅರೆಭಾಷೆ ನಾನು ಹೇಳ್ತೀನಿ, ರೆಕಾರ್ಡ್ ಮಾಡೋದು ಯಾರಾದರೂ ಬಂದು ತೋರಿಸಿ.

ಅಡ್ಮಿನ್: ಸಂಜೆ ಬರ್ತೀನಿ ಮೇಷ್ಟ್ರೇ. ಭಾನುವಾರ ಕರೆಂಟ್ ಇರುತ್ತೋ ಇಲ್ವೋ, ಎಲ್ಲರೂ ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ.