ಬಫರ್ ದ್ರಾವಣದಲ್ಲಿ ಸೆನ್ಸರ್‌ನ ಮೇಲ್ಪದರ ಏಕೆ ಉಳಿಯುತ್ತಿಲ್ಲ?

ಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಬೆಳಗಾವಿ

ಯೂರಿಯಾ ಅಳೆಯುವುದಕ್ಕೆಂದು, ಸಿಲಿಕಾನ್ ಡೈಆಕ್ಸೈಡ್ ಗೇಟ್ (ದ್ರಾವಣ ತಾಗುವ ಪದರ) ಇರುವ ಐಎಸ್‌ಫೆಟ್ (ದ್ರಾವಣದ ಪಿಎಚ್, ಅಂದರೆ ಆಮ್ಲ-ಕ್ಷಾರ ಮಟ್ಟವನ್ನು ಅಳೆಯುವ ಟ್ರಾನ್ಸಿಸ್ಟರ್) ಮೇಲೆ ಎಪಿಟಿಇಎಸ್ ಎಂಬ ಅಮೈನೋಸಿಲೇನ್ ಲೇಪಿಸಿ, ಗ್ಲುಟರಾಲ್ಡಿಹೈಡ್ ಎಂಬ ಜೋಡಕದ ಮೂಲಕ ಯೂರಿಯಾ ಒಡೆಯುವ ಯೂರಿಯೇಸ್ ಕಿಣ್ವವನ್ನು ಕೂಡಿಸಿದ್ದೇನೆ. 37 ಡಿಗ್ರಿ ಸೆಲ್ಸಿಯಸ್‌ನ ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ತಡೆಯುವ ದ್ರಾವಣ) ರೀಡಿಂಗ್ ಒಂದೇ ದಿಕ್ಕಿಗೆ ಸರಿಯುತ್ತ ಹೋಗುತ್ತದೆ. ಕೆಲವೇ ದಿನಗಳಲ್ಲಿ ಯೂರಿಯಾ ಹಾಕಿದರೂ ವ್ಯತ್ಯಾಸ ಕಾಣುವುದಿಲ್ಲ. ದೋಷ ಕಿಣ್ವದ್ದೋ, ಕೆಳಗಿನ ಪದರದ್ದೋ? ಸಿಲಿಕಾನ್ ಬದಲು ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕ ಬಳಸಿದರೆ ಅನುಕೂಲವಾದೀತೇ?

ಉತ್ತರ: ರಸಾಯನಶಾಸ್ತ್ರ ಅಧ್ಯಾಪಕ, ವಿಜಯಪುರ

ಇವು ಎರಡು ಬೇರೆ ತೊಂದರೆಗಳು. ರೀಡಿಂಗ್ ಸರಿಯುವುದಕ್ಕೆ ಹೆಚ್ಚಿನ ಮಟ್ಟಿಗೆ ಆಕ್ಸೈಡ್ ನೀರು ಹೀರುವುದೇ ಕಾರಣ. ಕಿಣ್ವವಿಲ್ಲದ ಇನ್ನೊಂದು ಸೆನ್ಸರ್ ಚಿಪ್ಪನ್ನು ಅದೇ ಬಫರ್‌ನಲ್ಲಿ ಇಟ್ಟು ನೋಡಿದರೆ ಅದೂ ಸರಿಯುವುದು ಕಾಣುತ್ತದೆ. ಸ್ಪಂದನೆ ನಿಲ್ಲುವುದರಲ್ಲಿ ಮಾತ್ರ ನನಗೆ ಎಪಿಟಿಇಎಸ್ ಮೇಲೆಯೇ ಗುಮಾನಿ. ಅದರ ಅಮೈನ್ ಗುಂಪು ಮೂರು ಇಂಗಾಲಗಳ ಗಿಡ್ಡ ಸರಪಳಿಯ ತುದಿಯಲ್ಲಿರುವುದರಿಂದ ಹಿಂದಕ್ಕೆ ಬಾಗಿ, ತನ್ನನ್ನೇ ಹಿಡಿದಿಟ್ಟಿರುವ ಸಿಲಾಕ್ಸೇನ್ (ಸಿಲಿಕಾನ್-ಆಮ್ಲಜನಕ) ಬಂಧವನ್ನು ನೀರು ಮುರಿಯುವುದಕ್ಕೆ ನೆರವಾಗುತ್ತದೆ. ಉದ್ದ ಸರಪಳಿಯ ಅಮೈನೋಸಿಲೇನ್ ಇದಕ್ಕಿಂತ ಹೆಚ್ಚು ಬಾಳುತ್ತದೆ.

ಎಪಿಟಿಇಎಸ್ ಮಾತ್ರ ಲೇಪಿಸಿದ ಚಿಪ್ಪಿನ ಮೇಲೆ ಒಂದು ಹನಿ ನೀರು ಬಿಡಿ. ಶುದ್ಧ ಆಕ್ಸೈಡ್ ಮೇಲೆ ಹನಿ ಪೂರ್ತಿ ಹರಡಿಕೊಳ್ಳುತ್ತದೆ, ಲೇಪನವಿದ್ದಲ್ಲಿ ತುಸು ಉಬ್ಬಿ ನಿಲ್ಲುತ್ತದೆ. ಬಫರ್‌ನಲ್ಲಿ ನೆನೆಸಿ ತೆಗೆದ ಮೇಲೆ ಹನಿ ಮತ್ತೆ ಹರಡಿದರೆ ಪದರ ಹೋಗಿದೆ ಎಂದೇ ತಿಳಿಯಬಹುದು.

ಲೇಪನ ಮಾಡಿದ್ದು ಮಳೆಗಾಲದಲ್ಲೇ? ನಮ್ಮ ವಿಜಯಪುರದ ಒಣ ಹವೆಯಲ್ಲಿ ನಡೆದುಹೋಗುವ ಕೆಲಸ ನಿಮ್ಮ ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಕೆಡುತ್ತದೆ: ಲೇಪನದ ದ್ರಾವಕವಾದ ಟಾಲ್ವೀನ್‌ಗೆ ತೇವ ಸೇರಿದರೆ ಸಿಲೇನ್ ಅಣುಗಳು ತಮ್ಮತಮ್ಮಲ್ಲೇ ಕೂಡಿ ಗಂಟಾಗಿ, ಮೇಲ್ಮೈಗೆ ಸಡಿಲವಾಗಿ ಅಂಟಿಕೊಳ್ಳುತ್ತವೆ.

ಉತ್ತರ: ಎಲೆಕ್ಟ್ರಾನಿಕ್ಸ್ ಸಂಶೋಧಕ, ಬಾಗಲಕೋಟೆ

ಗ್ಯಾಲಿಯಂ ಆರ್ಸೆನೈಡ್ ಬೇಡ. ನೀರಿನಲ್ಲಿ ಅದರ ಮೇಲ್ಮೈ ಉತ್ಕರ್ಷಣಗೊಂಡು ಆರ್ಸೆನಿಕ್ ಬಿಡುತ್ತದೆ. ಗಂಧಕದ ಮೂಲಕ ಅಂಟುವ ಥಯಾಲ್ ಪದರ ಅದನ್ನು ನಿಧಾನಗೊಳಿಸಬಹುದಷ್ಟೆ. ಗ್ಯಾಲಿಯಂ ನೈಟ್ರೈಡ್ ಬಹಳ ಗಟ್ಟಿ, ಆದರೆ ದುಬಾರಿ.

ಪೀಟ್ ಬರ್ಗ್‌ವೆಲ್ಡ್ 1970ರಲ್ಲಿ ಐಎಸ್‌ಫೆಟ್ ಪ್ರಕಟಿಸಿದಾಗ ಗೇಟ್ ಸಿಲಿಕಾನ್ ಡೈಆಕ್ಸೈಡ್‌ನದೇ ಆಗಿತ್ತು. ಆಮೇಲಿನವರು ಸಿಲಿಕಾನ್ ನೈಟ್ರೈಡ್, ಅಲ್ಯೂಮಿನಾ, ಟ್ಯಾಂಟಲಂ ಪೆಂಟಾಕ್ಸೈಡ್ ಕಡೆಗೆ ಹೊರಳಿದ್ದು ಈ ಸರಿಯುವಿಕೆಯ ಕಾಟಕ್ಕೇ. 25 ಡಿಗ್ರಿಯಲ್ಲಿ ಪಿಎಚ್ ಒಂದು ಅಂಕ ಬದಲಾದಾಗ ಸಿಗಬಹುದಾದ ಸ್ಪಂದನೆಯ ಮಿತಿ ಸುಮಾರು 59 ಮಿಲಿವೋಲ್ಟ್. ಟ್ಯಾಂಟಲಂ ಪೆಂಟಾಕ್ಸೈಡ್ ಅದರ ಹತ್ತಿರಕ್ಕೆ ಹೋಗುತ್ತದೆ, ಸಿಲಿಕಾನ್ ಡೈಆಕ್ಸೈಡ್ ಬಹಳ ಹಿಂದೆ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಲೇಪನ ಆಗಸ್ಟ್‌ನಲ್ಲಿ, ತೆರೆದ ಬೀಕರ್‌ನಲ್ಲಿ ನಡೆದಿತ್ತು. ಹನಿಯ ಪರೀಕ್ಷೆಯನ್ನು ಮೊದಲು ಮಾಡುತ್ತೇನೆ. ಬಫರ್ ಬದಲಿಸಬೇಕೇ, ಸರ್?

ಉತ್ತರ: ರಸಾಯನಶಾಸ್ತ್ರ ಅಧ್ಯಾಪಕ, ವಿಜಯಪುರ

ಬದಲಿಸುವುದು ಬೇಡ, ತೆಳುವಾಗಿಸಿ. ಯೂರಿಯೇಸ್ ಹುಟ್ಟಿಸುವ ಅಮೋನಿಯಾದಿಂದ ಏರುವ ಪಿಎಚ್ ಅನ್ನೇ ನೀವು ಅಳೆಯುತ್ತಿರುವುದು, ಗಾಢ ಬಫರ್ ಆ ಏರಿಕೆಯನ್ನು ನುಂಗಿಬಿಡುತ್ತದೆ. ಲೇಪನವನ್ನು ಒಣಗಿಸಿದ ಟಾಲ್ವೀನ್‌ನಲ್ಲಿ, ನೈಟ್ರೋಜನ್ ಕೆಳಗೆ ಮಾಡಿ, ಚೆನ್ನಾಗಿ ತೊಳೆದು, 110 ಡಿಗ್ರಿಯ ಓವನ್‌ನಲ್ಲಿ ಇಟ್ಟ ಮೇಲೆಯೇ ಕಿಣ್ವ ಕೂಡಿಸಿ.