ರೂಪಾ ಕೇಳಿದ ಕರ್ಪೂರದ ಎಣ್ಣೆ ವಿಷಯ

ರೂಪಾ, ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು, ಮಗು ಮಲಗಿದ ಮೇಲೆ ಕೇಳು.

ದೊಡ್ಡಪ್ಪ ನಿನ್ನೆ ಗ್ರೂಪಿಗೆ ಹಾಕಿದ್ದರಲ್ಲ, ಸೊಳ್ಳೆ ಓಡಿಸಲು ಕರ್ಪೂರ ಪುಡಿ ಮಾಡಿ ಬೇವಿನ ಎಣ್ಣೆಯಲ್ಲಿ ಕರಗಿಸಿ, ಖಾಲಿ ಲಿಕ್ವಿಡ್ ಬಾಟಲಿಗೆ ತುಂಬಿ ಮಷಿನ್‌ಗೆ ಹಾಕಿ, ಅದನ್ನೇ ಎರಡು ತೊಟ್ಟು ಮಕ್ಕಳ ಕೈಕಾಲಿಗೂ ಸವರಿ ಅಂತ. 'ಮಾಡಲಾ ಅತ್ತೆ?' ಅಂದೆಯಲ್ಲ. ಸವರುವುದಂತೂ ಬೇಡವೇ ಬೇಡ. ಐದು ತಿಂಗಳ ಕೂಸು ಅದು. ಕರ್ಪೂರ ಚರ್ಮದಿಂದಲೂ ಮೈಯೊಳಗೆ ಇಳಿಯುತ್ತದೆ. ಆ ವಯಸ್ಸಿನಲ್ಲಿ ಕೈ ಸದಾ ಬಾಯಲ್ಲೇ ಇರುತ್ತದೆ, ಅಲ್ವಾ? ಹೊಟ್ಟೆಗೆ ಹೋದರೆ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯೂ ಹಾಗೇ. ಮರದಿಂದ ಬಂದದ್ದು ಅಂತ ಪಾಪದ್ದೇನಲ್ಲ.

ಇನ್ನು ಮಷಿನ್ ಕಥೆ. ಹೋದ ಮಳೆಗಾಲದಲ್ಲಿ ನಾನೇ ಮಾಡಿ ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ. ಮೂರನೇ ದಿನಕ್ಕೆ ಬತ್ತಿ ಕಪ್ಪಗಾಗಿ ಎಣ್ಣೆ ಏರುವುದೇ ನಿಂತಿತು. ಬೇವಿನ ಎಣ್ಣೆ ಮಂದ, ಆ ಬತ್ತಿ ತೆಳು ಲಿಕ್ವಿಡ್ಡಿಗೆ ಮಾಡಿದ್ದು. ರೂಮೆಲ್ಲ ಸೀದ ಒಗ್ಗರಣೆ ವಾಸನೆ. ನಿಮ್ಮ ಮಾವ ಸೊಳ್ಳೆ ಪರದೆ ಒಳಗಿಂದಲೇ, 'ಸೊಳ್ಳೆ ಇದ್ದರೆ ಇರಲಿ ಮಾರಾಯ್ತಿ, ಇದನ್ನು ಮೊದಲು ತೆಗಿ' ಅಂದರು.

ಹಾಗಂತ ಗಿಡದ ಎಣ್ಣೆ ಎಲ್ಲ ಸುಳ್ಳು ಅಂತಲ್ಲ. ಸಿಟ್ರೊನೆಲ್ಲ, ನಿಂಬೆ ಹುಲ್ಲಿನ ಎಣ್ಣೆಗೆ ಸೊಳ್ಳೆ ದೂರ ಹೋಗುವುದು ನಿಜ. ಸೊಳ್ಳೆ ನಮ್ಮನ್ನು ಹುಡುಕುವುದೇ ಉಸಿರು ಮತ್ತು ಬೆವರಿನ ಜಾಡು ಹಿಡಿದು, ಆ ಘಾಟು ಅದನ್ನು ಕೆಡಿಸುತ್ತದೆ. ಕಷ್ಟ ಏನು ಅಂದರೆ, ಘಾಟು ಬರುವುದೇ ಎಣ್ಣೆ ಹಾರಿಹೋಗುವುದರಿಂದ. ಹಾರಿ ಮುಗಿದರೆ ಕೆಲಸವೂ ಮುಗಿಯಿತು. ಅಮೆರಿಕದಲ್ಲಿ ಸೊಳ್ಳೆ ತುಂಬಿದ ಪೆಟ್ಟಿಗೆಯೊಳಗೆ ಜನರ ಕೈ ಇಡಿಸಿ ಪರೀಕ್ಷೆ ಮಾಡಿದ್ದರು, 2002ರಲ್ಲಿ ಪ್ರಕಟವಾಗಿತ್ತು. ಸಿಟ್ರೊನೆಲ್ಲ ಹಾಕಿದವರಿಗೆ ಸರಾಸರಿ 20 ನಿಮಿಷವೂ ರಕ್ಷಣೆ ಸಿಗಲಿಲ್ಲ. ಸುಮಾರು 24% ಡೀಟ್ ಅನ್ನುವ ಸೊಳ್ಳೆ ಓಡಿಸುವ ರಾಸಾಯನಿಕ ಇದ್ದದ್ದು ಐದು ಗಂಟೆ ತಡೆಯಿತು. ಮಜಾ ಅಂದರೆ, 2% ಸೋಯಾಬೀನ್ ಎಣ್ಣೆಯ ಒಂದು ಲೋಷನ್ ಒಂದೂವರೆ ಗಂಟೆ ಬಂತು!

ಬೇವಿನದು ಸ್ವಲ್ಪ ಬೇರೆ. ಅದು ಬೀಜ ಹಿಂಡಿದ ಎಣ್ಣೆ, ಅಷ್ಟು ಬೇಗ ಹಾರುವುದಿಲ್ಲ. 1993ರಲ್ಲಿ ನಮ್ಮ ದೇಶದವರೇ ಕೊಬ್ಬರಿ ಎಣ್ಣೆಗೆ 2% ಬೇವಿನ ಎಣ್ಣೆ ಬೆರೆಸಿ ನೋಡಿದ್ದರು. ಮಲೇರಿಯಾ ಸೊಳ್ಳೆಗೆ ಬಹಳ ಚೆನ್ನಾಗಿ ಕೆಲಸ ಮಾಡಿತು, ಡೆಂಗಿ ಸೊಳ್ಳೆಗೆ ಅದಕ್ಕಿಂತ ಕಡಿಮೆ. ನಾನು ಸಂಜೆ ದನದ ಕೊಟ್ಟಿಗೆಗೆ ಹೋಗುವಾಗ ಅದನ್ನೇ ಕಾಲಿಗೆ ಹಚ್ಚಿಕೊಳ್ಳುತ್ತೇನೆ, 100 ಎಂಎಲ್‌ಗೆ 2 ಎಂಎಲ್, ಜಾಸ್ತಿ ಬೇಡ. ದೊಡ್ಡವರಿಗೆ ಸಾಕು. ಆದರೆ ಇಲ್ಲಿ ಮಂಗನ ಕಾಯಿಲೆ ಹರಡುವ ಉಣ್ಣಿ ಹತ್ತದಿರಲಿ ಅಂತ ಆಶಾ ಕಾರ್ಯಕರ್ತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಕೊಟ್ಟರೆ ಕಾಡಿಗೆ ಹೋಗುವವರು ಅದನ್ನೇ ಹಚ್ಚಬೇಕು. ಅದರ ಬದಲು ಬೇವು ಹಚ್ಚುತ್ತೇನೆ ಅನ್ನುವವರ ಹತ್ತಿರ ನಾನು ಜಗಳಕ್ಕೇ ನಿಲ್ಲುತ್ತೇನೆ.

ಬಾಲ್ಕನಿಯಲ್ಲಿ ನಿಂಬೆ ಹುಲ್ಲಿನ ಕುಂಡ ಇಟ್ಟರೆ ಸಾಕಾ ಅಂತಲೂ ನೀನು ಕೇಳಿದ್ದೆ. ನಮ್ಮ ಬಾವಿಕಟ್ಟೆ ಪಕ್ಕ ದೊಡ್ಡ ಬುಡವೇ ಇದೆ. ಮೊನ್ನೆ ಚಹಾಕ್ಕೆ ಅಂತ ಎರಡು ಎಲೆ ಕೊಯ್ಯಲು ಬಗ್ಗಿದೆ, ಎಲೆಯ ಅಡಿಯಲ್ಲಿ ಕಾಲಿಗೆ ಬಿಳಿ ಪಟ್ಟೆ ಇರುವ ಸೊಳ್ಳೆ ಹಾಯಾಗಿ ಕೂತಿತ್ತು. ಎಲೆ ಜಜ್ಜಿದರೆ ಮಾತ್ರ ಎಣ್ಣೆ ಹೊರಗೆ ಬರುವುದು. ಸುಮ್ನೆ ನಿಂತ ಗಿಡ ಅದಕ್ಕೆ ನೆರಳು, ಅಷ್ಟೇ.

ಆ ಸೊಳ್ಳೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ತೋಟಕ್ಕೆ ಹೋದೆ. ಬಿದ್ದ ಅಡಿಕೆ ಹಾಳೆ ತಿರುಗಿಸಿದರೆ ಒಂದು ಲೋಟದಷ್ಟು ಮಳೆನೀರು, ಒಳಗೆ ಹುಳ ಮೇಲೆ ಕೆಳಗೆ ಕುಣಿಯುತ್ತಿದ್ದವು. ಅಳಿಲು ತೂತು ಮಾಡಿದ ಕೋಕೋ ಕಾಯಿಯಲ್ಲೂ ಹಾಗೇ. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚಗಿದ್ದರೆ ಏಳೆಂಟು ದಿನ ಸಾಕು. ಅದಕ್ಕೇ ಪ್ರತಿ ಭಾನುವಾರ ನಾನೂ ನಿಮ್ಮ ಮಾವನೂ ಹಾಳೆ ಕವುಚಿ ಹಾಕುತ್ತೇವೆ. ನಿಮ್ಮ ಬೆಂಗಳೂರಿನ ಮನೆಯಲ್ಲಿ ಹಾಳೆ ಇಲ್ಲ, ಆದರೆ ಕುಂಡದ ತಟ್ಟೆ ಇದೆ, ಫ್ರಿಜ್ ಹಿಂದಿನ ಟ್ರೇ ಇದೆ. ಹೋದ ಸಲ ಬಂದಾಗ ಆ ಟ್ರೇ ನಾನು ನೋಡಿದ್ದೇನೆ, ಮಾತು ಬೆಳೆಸುವುದಿಲ್ಲ.

ಮಗುವಿಗೆ ಪರದೆಯೇ ಸರಿ. ಡೆಂಗಿ ಸೊಳ್ಳೆ ಹಗಲು ಕಚ್ಚುವುದು, ಆದ್ದರಿಂದ ಮಧ್ಯಾಹ್ನ ಮಲಗಿಸುವಾಗಲೂ ಕಟ್ಟು. ಹಬ್ಬಕ್ಕೆ ಬರುವಾಗ ಅಲ್ಲಿಂದ ಹೊತ್ತು ತರಬೇಡ. ನಿನಗೆ ಕಟ್ಟುತ್ತಿದ್ದ ತೊಟ್ಟಿಲ ಪರದೆ ಅಟ್ಟದಿಂದ ಇಳಿಸಿ ಒಗೆದಿದ್ದೇನೆ. ಒಂದು ಮೂಲೆ ಇಲಿ ಕಡಿದಿತ್ತು, ಹೊಲಿದೂ ಆಯಿತು. ಇಡುತ್ತೇನೆ ಈಗ, ಕುಕ್ಕರ್ ಎಷ್ಟು ಸಲ ಕೂಗಿತೋ ಏನೋ.