ಗಾಡಿ ಕೆಳಗೊಂದು ನಾಮದ ಚಿಲುಮೆ

ಭಾನುವಾರ ಬೆಳಗ್ಗೆ ರಂಗೋಲಿ ಹಾಕಲು ಹೋದ ನನ್ನ ಹೆಂಡತಿ ಅರ್ಧಕ್ಕೇ ಎದ್ದು ಒಳಗೆ ಬಂದಳು.

"ರಾತ್ರಿ ಯಾರಿಗ್ರೀ ಆರತಿ ಎತ್ತಿದ್ದು? ಗಾಡಿ ಕೆಳಗೆ ಓಕಳಿ ಚೆಲ್ಲಿದೆ."

ಹೋಗಿ ನೋಡಿದೆ. ಎಡಗಡೆ ಮುಂದಿನ ಚಕ್ರದ ಹತ್ತಿರ ಅಂಗೈಯಗಲ ಕೆಂಪು. ಇಪ್ಪತ್ತು ವರ್ಷದ ಡೀಸೆಲ್ ಗಾಡಿ, ಅದಕ್ಕೆ ಯಾರೂ ಆರತಿ ಎತ್ತುವುದಿಲ್ಲ. ಹೋದ ವಾರದಿಂದ ಸ್ಟೇರಿಂಗ್ ತಿರುಗಿಸಿದರೆ ಗುಂಯ್ ಅನ್ನುತ್ತಿತ್ತು. ಒಂದು ಗ್ಯಾರೇಜಿನವನು ಅರ್ಧ ನಿಮಿಷ ಬಗ್ಗಿ ನೋಡಿ, "ರ‍್ಯಾಕೇ ಹೋಗಿದೆ ಸಾರ್, 22 ಸಾವಿರ ಆಗುತ್ತೆ" ಅಂದಿದ್ದ. ಸ್ಟೇರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಹಲ್ಲಿನ ಸರಳು ಅದು. ನಿಮಿಷಕ್ಕೆ 44 ಸಾವಿರದ ಲೆಕ್ಕ. ಅಷ್ಟು ದುಬಾರಿಯಾಗಿ ಬಗ್ಗುವವರನ್ನು ನಾನು ತುಮಕೂರಲ್ಲಿ ಬೇರೆ ಕಂಡಿಲ್ಲ.

ಒಂದೇ ಫೋನಿಗೆ ಮೂರೂ ಜನ ಬಂದರು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾರ್ಸಲ್ ತರುತ್ತೇನೆ ಎಂದು ನಾನು ಬಾಯಿ ತಪ್ಪಿ ಹೇಳಿದ್ದೂ ಒಂದು ಕಾರಣ ಇರಬಹುದು. ಡ್ರೈವರಣ್ಣ ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರ್ ಆದವರು, ಬಾಯಲ್ಲಿ ಎಲೆ ಅಡಿಕೆ ಇಲ್ಲದೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಶಿವು ಗುಬ್ಬಿ ಕಡೆಯ ಅಡಿಕೆ ತೋಟದವನು. ಜಗತ್ತಿನಲ್ಲಿ ಎಲ್ಲಿ ಏನು ಸೋರಿದರೂ ಅದಕ್ಕೆ ಹೊಂದುವ ಡ್ರಿಪ್ ಪೈಪಿನ ತುಂಡು ಅವನ ಬೈಕಿನ ಚೀಲದಲ್ಲಿ ಇರುತ್ತದೆ.

ಮೇಷ್ಟ್ರು ಮೊದಲು ಒಂದು ಬಿಳಿ ಹಾಳೆ ಕೇಳಿದರು. ಕೆಂಪನ್ನು ಅದಕ್ಕೆ ಒತ್ತಿಕೊಂಡು ಬಿಸಿಲಿಗೆ ಹಿಡಿದರು, ಮೂಸಿದರು, ಎರಡು ಬೆರಳಲ್ಲಿ ಉಜ್ಜಿದರು.

"ಕರ್ರಗಿದ್ದರೆ ಇಂಜಿನ್ ಆಯಿಲ್. ಹಸಿರೋ ಗುಲಾಬಿಯೋ ಇದ್ದು ಸಿಹಿ ವಾಸನೆ ಬಂದರೆ ಇಂಜಿನ್ ತಂಪು ಮಾಡೋ ಕೂಲಂಟ್. ಬರೀ ನೀರಾದರೆ ಎ.ಸಿ.ಯದು, ಬಿಟ್ಟುಬಿಡಿ. ಇದು ಕೆಂಪು, ಒಳ್ಳೇ ಜಿಡ್ಡು. ಪವರ್ ಸ್ಟೇರಿಂಗ್ ಎಣ್ಣೆಯೇ."

"ಅದನ್ನ ಹೇಳೋಕೆ ಹಾಳೆ ಬೇಕಿತ್ತಾ ಮೇಷ್ಟ್ರೇ?" ಎಂದರು ಡ್ರೈವರಣ್ಣ. "ಸ್ಟೇರಿಂಗ್ ಗುಂಯ್ ಅಂತಿದೆ ಅಂತ ಅವನೇ ಹೇಳಿದ್ನಲ್ಲ."

"ಕೇಳಿದ್ದು ಬೇರೆ, ಕಂಡದ್ದು ಬೇರೆ."

ಬಾನೆಟ್ ಎತ್ತಿದೆವು. ಎಣ್ಣೆ ಡಬ್ಬಿಯ ಮುಚ್ಚಳ ಬಿಚ್ಚಿದರೆ ಎಣ್ಣೆ ತಳದಲ್ಲಿತ್ತು, ಮೇಲೆ ಬೈಟು ಕಾಫಿಯ ಹಾಗೆ ನೊರೆ. ಎಣ್ಣೆ ಕಮ್ಮಿಯಾಗಿ ಪಂಪು ಗಾಳಿ ಎಳೆಯುತ್ತಿದೆ, ಅದರ ಗೋಳೇ ಆ ಗುಂಯ್ ಎಂದು ಮೇಷ್ಟ್ರು ವಿವರಿಸಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಹಾಗೇ ಮುಂದುವರಿದು 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಅನ್ನೋ ಅಮೆರಿಕದ ಕಾರಿನಲ್ಲಿ ಮೊದಲು ಪವರ್ ಸ್ಟೇರಿಂಗ್ ಮಾರಾಟಕ್ಕೆ ಬಂತು ಅಂದರು.

"1951ರಲ್ಲಿ ಬಂದದ್ದು ನನ್ನ ಬಸ್ಸಿಗೆ ಬರೋ ಹೊತ್ತಿಗೆ ನನಗೆ ಮೊಮ್ಮಕ್ಕಳು" ಎಂದು ಡ್ರೈವರಣ್ಣ ತೋಳು ಮಡಿಸಿ ತೋರಿಸಿದರು. "ದೇವರಾಯನದುರ್ಗದ ಬೆಟ್ಟದ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸೋದು ಅಂದ್ರೆ ಬಾವಿಯಿಂದ ಎಮ್ಮೆ ಎಳೆದ ಹಾಗೆ. ನಿಮಗೆಲ್ಲ ಒಂದು ಬೆರಳು ಸಾಕು. ಅದಕ್ಕೇ ಸೋರ್ತದೆ."

ಶಿವು ಅಷ್ಟರಲ್ಲಿ ಚಕ್ರದ ಹಿಂದೆ ತಲೆ ತೂರಿಸಿದ್ದ. "ಗ್ಯಾರೇಜಿನವನು ಹೇಳಿದ್ದು ಸರಿ ಕಣಣ್ಣ. ರ‍್ಯಾಕಿನ ತುದಿ ಮುಚ್ಚೋ ರಬ್ಬರ್ ಬೂಟಿಂದಲೇ ತೊಟ್ಟಿಕ್ತಾ ಇದೆ."

ನನಗೆ 22 ಸಾವಿರ ಕಣ್ಣ ಮುಂದೆ ಬಂತು. ಡ್ರೈವರಣ್ಣ ಮಾತ್ರ ಅಲ್ಲಾಡಲಿಲ್ಲ. "ಹಂಚಿನ ಮನೇಲಿ ಬೆಳೆದವನಲ್ವೇನೋ ನೀನು? ಹಂಚು ಒಡೆದಿರೋದು ಒಂದು ಕಡೆ, ಹನಿ ಬೀಳೋದು ಇನ್ನೊಂದು ಕಡೆ. ಆ ಬೂಟಿನ ಕ್ಲಿಪ್ ಬಿಚ್ಚಿ ಒಳಗೆ ನೋಡು."

ಕ್ಲಿಪ್ ಸಡಿಲ ಮಾಡಿ ಬೂಟು ಹಿಂದಕ್ಕೆ ಸರಿಸಿದ. ಹೊರಗೆಲ್ಲ ಎಣ್ಣೆ, ಒಳಗೆ ಒಂದು ತೊಟ್ಟಿಲ್ಲ. ರ‍್ಯಾಕಿನ ಸೀಲ್ ಹೋಗಿದ್ದರೆ ಎಣ್ಣೆ ಬೂಟಿನ ಒಳಗೆ ತುಂಬಿಕೊಂಡಿರಬೇಕಿತ್ತು. ಇದು ಮೇಲಿಂದ ಇಳಿದು ಬಂದದ್ದು. ಆ ಗ್ಯಾರೇಜಿನವನಿಗೆ ಆ ಒಂದು ಕ್ಲಿಪ್ ಬಿಚ್ಚುವಷ್ಟು ಪುರುಸೊತ್ತು ಇರಲಿಲ್ಲ ನೋಡಿ.

ಮೇಲೆ ಎಲ್ಲಿಂದ? ಪೈಪು, ಪಂಪು, ಬ್ರಾಕೆಟ್ ಎಲ್ಲಕ್ಕೂ ವರ್ಷಗಳ ಮಣ್ಣು ಎಣ್ಣೆ ಸೇರಿ ಹೋಳಿಗೆ ಹೂರಣದ ಹಾಗೆ ಮೆತ್ತಿಕೊಂಡಿತ್ತು. ಬ್ರಷ್ಷು, ಸೀಮೆಎಣ್ಣೆ, ಆಮೇಲೆ ಸೋಪು ನೀರು, ಆಮೇಲೆ ಬಟ್ಟೆ. ಪೂರ್ತಿ ಒಣಗಿದ ಮೇಲೆ ಡ್ರೈವರಣ್ಣ ಎಣ್ಣೆ ಡಬ್ಬಿಯ ಮುಚ್ಚಳ ಬಿಗಿ ಮಾಡಿ ನನ್ನ ಹೆಂಡತಿಯನ್ನು ಕೇಳಿದರು, "ತಾಯಿ, ಮುಖಕ್ಕೆ ಹಾಕೋ ಪೌಡರ್ ಡಬ್ಬಿ ಸ್ವಲ್ಪ ಕೊಡಮ್ಮ."

ಪೈಪುಗಳಿಗೆಲ್ಲ ಪೌಡರ್ ಹೊಡೆದರು. ಇಂಜಿನ್ ಜಾಗದಲ್ಲಿ ಮಲ್ಲಿಗೆ ವಾಸನೆ. ನಾನು ಇಂಜಿನ್ ಸ್ಟಾರ್ಟ್ ಮಾಡಿ ಸ್ಟೇರಿಂಗನ್ನು ಎಡಗಡೆ ಕೊನೆಗೆ, ಬಲಗಡೆ ಕೊನೆಗೆ ತಿರುಗಿಸುತ್ತಾ ಕೂತೆ. "ಕೊನೇಲಿ ಒತ್ತಿ ಹಿಡಿಬೇಡ! ಪಂಪು ಬಿಸಿಯಾಗುತ್ತೆ!" ಅಂತ ಮೇಷ್ಟ್ರು. "ಫ್ಯಾನಿನ ಹತ್ತಿರ ಕೈ ಹಾಕಬೇಡ್ಲಾ!" ಅಂತ ಡ್ರೈವರಣ್ಣ, ಶಿವುಗೆ.

ಐದು ನಿಮಿಷ ಆಗಿರಬೇಕು. "ನಿಲ್ಲಿಸು, ಬಾ ಇಲ್ಲಿ" ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

ಎಣ್ಣೆ ಡಬ್ಬಿಯ ಕೆಳಗೆ, ರಿಟರ್ನ್ ಪೈಪು ಸೇರುವ ಕಡೆ, ಬೆಳ್ಳಗಿನ ಪೌಡರಿನ ಮಧ್ಯೆ ಒಂದು ಕೆಂಪು ಗೆರೆ. ಕ್ಲಿಪ್ಪಿನ ಅಡಿಯಿಂದ ಹೊರಟು ನೆಟ್ಟಗೆ ಕೆಳಗಿಳಿದಿತ್ತು. ಎರಡೂ ಪಕ್ಕ ಬಿಳಿ, ನಡುವೆ ಕೆಂಪು.

"ಸಾಕ್ಷಾತ್ ನಾಮ!" ಎಂದ ಶಿವು ಕೈ ಮುಗಿದ.

"ರಾಮ ನಾಮ ಇಟ್ಟುಕೊಳ್ಳೋಕೆ ನೀರಿಲ್ಲ ಅಂತ ಬಂಡೆಗೆ ಬಾಣ ಬಿಟ್ಟ, ದುರ್ಗದ ಕೆಳಗಿನ ನಾಮದ ಚಿಲುಮೆ ಆಯಿತು" ಎಂದರು ಮೇಷ್ಟ್ರು. "ಇಲ್ಲಿ ಚಿಲುಮೆ ಮೊದಲೇ ಬಂದಿದೆ. ನಾಮ ಹಾಕೋನು ಗ್ಯಾರೇಜಿನಲ್ಲಿ ಕಾಯ್ತಾ ಇದ್ದಾನೆ."

ಈಗ ಶಿವುವಿನ ಹೊತ್ತು. ಚೀಲದಿಂದ ಡ್ರಿಪ್ ಪೈಪು, ಟೆಫ್ಲಾನ್ ಟೇಪು, ಬೈಂಡಿಂಗ್ ವೈರು ಎಲ್ಲಾ ಹೊರಗೆ ಬಂತು. ಮೇಷ್ಟ್ರು ಅಡ್ಡ ನಿಂತರು. ಬಿಸಿ ಎಣ್ಣೆಗೆ ಆ ಪೈಪು ಮೆತ್ತಗಾಗಿ ಉಬ್ಬುತ್ತೆ, ಟೇಪಿನ ಚೂರು ಒಳಗೆ ಹೋದರೆ ವಾಲ್ವಿಗೆ ಸಿಕ್ಕಿಕೊಳ್ಳುತ್ತೆ ಅಂದರು.

"ನಿನ್ನ ಕಾರಿನ ಟೈರಿನಲ್ಲಿ ಇರೋ ಒತ್ತಡ ಎರಡು ಬಾರ್ ಚಿಲ್ಲರೆ. ಪಂಪಿನಿಂದ ರ‍್ಯಾಕಿಗೆ ಹೋಗೋ ಪೈಪಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ 80-100 ಬಾರ್ ತನಕ ಏರುತ್ತೆ. ಅದು ಸೋರಿದ್ದರೆ ಪೈಪೇ ಹೊಸದು ತರಬೇಕು, ಕ್ಲಿಪ್ಪು ಕಟ್ಟೋ ಮಾತಿಲ್ಲ, ಬೆರಳಿಟ್ಟು ನೋಡೋ ಮಾತಂತೂ ಇಲ್ಲವೇ ಇಲ್ಲ. ಇವನ ಅದೃಷ್ಟ, ಇದು ವಾಪಸ್ ಬರೋ ಪೈಪು. ಕೆಲಸ ಮುಗಿಸಿ ಮನೆಗೆ ಬರೋ ಎಣ್ಣೆ, ಜೋರೇನಿಲ್ಲ. ಕ್ಲಿಪ್ ತಡೆಯುತ್ತೆ."

ಶಿವುವಿನ ಹಸು ಸಿರಿಂಜು ಮಾತ್ರ ಪಾಸಾಯಿತು. ಅವನ ಮನೆಯ ಹಸುವಿಗೆ ಔಷಧಿ ಕುಡಿಸುವ ದಪ್ಪದ್ದು. ಅದರಲ್ಲೇ ಡಬ್ಬಿಯ ಹಳೇ ಎಣ್ಣೆಯನ್ನೆಲ್ಲ ಎಳೆದು ಬಾಟಲಿಗೆ ತುಂಬಿದೆವು. ಕ್ಲಿಪ್ ಬಿಚ್ಚಿ ಪೈಪು ತಿರುಚಿ ಎಳೆದರೆ ಅದರ ತುದಿ ತಿಪಟೂರಿನ ಒಣಕೊಬ್ಬರಿಯಷ್ಟು ಗಟ್ಟಿ. ಬಗ್ಗಿಸಿದ ಕೂಡಲೇ ಕ್ಲಿಪ್ ಕೂತಿದ್ದ ಜಾಗದಲ್ಲೇ ಸೀಳು ಬಾಯಿ ಬಿಟ್ಟಿತು. ಆಚೆ ಎರಡು ಇಂಚಿನಲ್ಲಿ ರಬ್ಬರ್ ಇನ್ನೂ ಮೆತ್ತಗಿತ್ತು. ಪೈಪು ಸ್ವಲ್ಪ ಉದ್ದವೂ ಇತ್ತು. ಬ್ಲೇಡಿನಲ್ಲಿ ಸೀಳಿದ ತುದಿಯನ್ನು ನೇರವಾಗಿ ಕತ್ತರಿಸಿ, ಡಬ್ಬಿಯ ಮೂತಿ ಒರೆಸಿ, ಪೈಪನ್ನು ಅದರ ಮೇಲೆ ಪೂರ್ತಿ ತೂರಿಸಿ, ಬಿ.ಎಚ್. ರಸ್ತೆಯಿಂದ ತಂದ ಹೊಸ ಕ್ಲಿಪ್ ಹಾಕಿದೆವು.

"ಸಾಕು" ಎಂದರು ಡ್ರೈವರಣ್ಣ. ಶಿವು ಇನ್ನೊಂದು ಸುತ್ತು ತಿರುಗಿಸಲು ಹೋದ. "ಸಾಕು ಅಂದ್ನಲ್ಲೋ! ಜಾಸ್ತಿ ಬಿಗಿದರೆ ಕ್ಲಿಪ್ಪೇ ರಬ್ಬರ್ ಕೊಯ್ಯುತ್ತೆ. ಮಗಳಿಗೆ ಬಳೆ ತೊಡಿಸಿದ ಹಾಗಿರಬೇಕು, ಕೈದಿಗೆ ಬೇಡಿ ಹಾಕಿದ ಹಾಗಲ್ಲ." ಇದು ತಾತ್ಕಾಲಿಕ, ಮುಂದಿನ ತಿಂಗಳು ಪೈಪು ಹೊಸದೇ ಹಾಕಿಸು ಅಂತಲೂ ನನಗೆ ಹೇಳಿದರು. ಹೂಂ ಅಂದೆ. ಹೂಂ ಅನ್ನೋದಕ್ಕೆ ಖರ್ಚಿಲ್ಲ.

ಎಣ್ಣೆ ಹಾಕುವಾಗ ಒಂದು ಗಂಡಾಂತರ ಕಳೆಯಿತು. ಕಪಾಟಿನಲ್ಲಿ ಉಳಿದಿದ್ದ ಬ್ರೇಕ್ ಆಯಿಲ್ ಬಾಟಲಿಯನ್ನು ಶಿವು ಆಗಲೇ ಬಗ್ಗಿಸಿದ್ದ. ಡ್ರೈವರಣ್ಣ ಅವನ ಕೈಗೆ ಪಟ್ಟನೆ ಹೊಡೆದರು. ಅದು ಹೋಗಿದ್ದರೆ ಪಂಪು, ರ‍್ಯಾಕು ಎಲ್ಲದರ ಸೀಲೂ ಕೆಟ್ಟು ಆ 22 ಸಾವಿರದ ಮಾತು ನಿಜವಾಗುತ್ತಿತ್ತು. ನಮ್ಮ ಗಾಡಿಯ ಮುಚ್ಚಳದ ಮೇಲೆಯೇ ಡೆಕ್ಸ್‌ರಾನ್ ಅಂತ ಹಾಕಬೇಕಾದ ಎಣ್ಣೆಯ ಹೆಸರು ಬರೆದಿದೆ. ಇಪ್ಪತ್ತು ವರ್ಷದಲ್ಲಿ ನಾನು ಅದನ್ನು ಓದಿದ್ದು ಅವತ್ತೇ.

ಗಾಳಿ ತೆಗೆಯುವ ಕೆಲಸ ಬಾಕಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಕೂಡದು ಅಂತ ಡ್ರೈವರಣ್ಣನ ಕಟ್ಟಪ್ಪಣೆ. ಇಂಜಿನ್ ಆಫ್ ಇಟ್ಟು ಸ್ಟೇರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಬೇಕು. ಡಬ್ಬಿಯಲ್ಲಿ ಗುಳ್ಳೆ ಏಳುತ್ತೆ, ಎಣ್ಣೆ ಇಳಿಯುತ್ತೆ, ಮತ್ತೆ ಹಾಕಬೇಕು. ಮೇಷ್ಟ್ರು ಮಗ್ಗಿ ಹೇಳಿಸುವ ರಾಗದಲ್ಲಿ ಎಣಿಸಿದರು. ಹದಿನೆಂಟಕ್ಕೆ ನನ್ನ ಭುಜ ಹೋಯಿತು.

"ಬಾವಿ, ಎಮ್ಮೆ. ಈಗ ಗೊತ್ತಾಯ್ತಾ?" ಎಂದರು ಡ್ರೈವರಣ್ಣ.

ಗುಳ್ಳೆ ನಿಂತ ಮೇಲೆ ಇಂಜಿನ್ ಹಾಕಿದೆವು. ಗುಂಯ್ ಇಲ್ಲ. ಸ್ಟೇರಿಂಗ್ ಬೆಣ್ಣೆ. ದೇವರಾಯನದುರ್ಗ ಹತ್ತಿಸಿ ಇಳಿಸಿ ಬಂದೆವು, ಪ್ರತಿ ತಿರುವಿನಲ್ಲೂ ಡ್ರೈವರಣ್ಣ ಹಿಂದಿನ ಸೀಟಿನಿಂದ ಇಲ್ಲದ ಹಾರ್ನ್ ಒತ್ತುತ್ತಿದ್ದರು. ಮನೆಗೆ ಬಂದು ಗಾಡಿ ಕೆಳಗೆ ಉದ್ದಕ್ಕೂ ಪೇಪರ್ ಹಾಸಿದೆವು. ಅಲ್ಲೇ ಕಲ್ಲಿನ ಮೇಲೆ ಕೂತು, ಆರಿದ ಇಡ್ಲಿ ತಿಂದು, ಪವರ್ ಸ್ಟೇರಿಂಗ್ ಒಳ್ಳೇದೋ ಈಗಿನ ಎಣ್ಣೆಯೇ ಇಲ್ಲದ ಕರೆಂಟ್ ಸ್ಟೇರಿಂಗ್ ಒಳ್ಳೇದೋ ಅಂತ ಕತ್ತಲಾಗುವ ತನಕ ಜಗಳ.

ಸೋಮವಾರ ಬೆಳಗ್ಗೆ ಹೆಂಡತಿ ಕೂಗಿದಳು, "ರೀ, ಪೇಪರ್ ಮೇಲೆ ಕೆಂಪು!"

ಎದೆ ಧಸಕ್ ಅಂತು. ಮೂವರಿಗೂ ಫೋನ್ ಹೋಯಿತು. ಮೇಷ್ಟ್ರು ವಾಕಿಂಗ್ ಅರ್ಧಕ್ಕೆ ಬಿಟ್ಟು ಬಂದು ಪೇಪರ್ ಎಳೆದುಕೊಂಡರು. ಬಿಸಿಲಿಗೆ ಹಿಡಿದರು. ಹತ್ತಿರ ತಂದು ಮೂಸಿದರು. ಬೆರಳು ಹಾಕಲು ಹೋದವರು ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಎಣ್ಣೆ ಅಲ್ಲ" ಎಂದರು. ಆಮೇಲೆ ತಲೆಯೆತ್ತಿ ಡ್ರೈವರಣ್ಣನ ಮುಖ ನೋಡಿ, "ಸುಣ್ಣ ಸ್ವಲ್ಪ ಜಾಸ್ತಿ ಆಗಿದೆ ಕಣ್ರೀ."